ಹೊಟ್ಟೆಯ ಹುಳಿಯೂ ಬೆಳಗಿನ ಮಾತ್ರೆಯೂ

ಸಂಜೆ ಏಳು ಗಂಟೆಯ ಸಮಯದಲ್ಲಿ ವಿಜಯನಗರದ ಬಸ್ಸು ನಿಲ್ದಾಣದ ಬಳಿಯಲ್ಲಾಗಲಿ, ರಾಜಾಜಿನಗರದ ಭಾಷ್ಯಂ ವೃತ್ತದ ಸುತ್ತಿನಲ್ಲಾಗಲಿ, ಕೆಂಗೇರಿಯ ಉಪನಗರದಲ್ಲಾಗಲಿ ಒಂದು ಔಷಧದ ಅಂಗಡಿಯ ಮುಂದೆ ಕಾಲು ಗಂಟೆಯ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿಯು ಕಾಣದೆ ಇರದು. ಸಕ್ಕರೆಯ ಕಾಯಿಲೆಗೂ ರಕ್ತದ ಒತ್ತಡಕ್ಕೂ ಮದ್ದು ಕೊಳ್ಳುವವರು ವೈದ್ಯರ ಚೀಟಿಯನ್ನು ಕೈಯಲ್ಲಿ ಹಿಡಿದು ಬರುವರು. “ಗ್ಯಾಸ್ಟ್ರಿಕ್ ಮಾತ್ರೆ ಒಂದು ಪಟ್ಟಿ ಕೊಡಿ” ಎನ್ನುವವರ ಕೈಯಲ್ಲಿ ಮಾತ್ರ ಚೀಟಿಯು ಇರುವುದಿಲ್ಲ. ಕೇಳುವುದಕ್ಕೆ ಅವರಿಗೆ ಸಂಕೋಚವೂ ಇಲ್ಲ, ಕೊಡುವುದಕ್ಕೆ ಅಂಗಡಿಯವನಿಗೆ ಅನುಮಾನವೂ ಇಲ್ಲ. ಎಲೆ ಅಡಿಕೆಯನ್ನು ಕೊಂಡಷ್ಟು ಸಲೀಸಾಗಿ ಈ ವ್ಯಾಪಾರವು ನಡೆದುಹೋಗುವುದು. ಅದೇ ಪಟ್ಟಿಯನ್ನು ತಿರುಗಿಸಿ ಓದಿದರೆ, ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಇದನ್ನು ಚಿಲ್ಲರೆಯಾಗಿ ಮಾರಕೂಡದೆಂಬ ಎಚ್ಚರಿಕೆಯು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದು ಕಾಣುತ್ತದೆ. ೧೯೪೫ರ ಔಷಧ ನಿಯಮಗಳಲ್ಲಿ ‘ಎಚ್’ ಎಂಬ ಅನುಸೂಚಿಯೊಂದುಂಟು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮೊದಲಾದ ಈ ಮಾತ್ರೆಗಳು ಅದಕ್ಕೆ ಸೇರಿದುವು. ಕಾನೂನು ಒಂದು ದಾರಿಯಲ್ಲಿಯೂ ಜನರ ರೂಢಿಯು ಇನ್ನೊಂದು ದಾರಿಯಲ್ಲಿಯೂ ಹೋಗುತ್ತಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು.

ಈ ಮಾತ್ರೆಗಳು ಕೆಟ್ಟವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹುಣ್ಣಿನಿಂದ ರಕ್ತ ಸುರಿದು ಪ್ರಾಣವು ಹೋಗುವ ಸ್ಥಿತಿಯಲ್ಲಿದ್ದ ಎಷ್ಟೋ ಮಂದಿಯನ್ನು ಇವು ಉಳಿಸಿರುವುವು. ನಮ್ಮ ತಾತಂದಿರ ಕಾಲದಲ್ಲಿ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗಿದ್ದ ರೋಗವು ಈಗ ಕೆಲವು ವಾರಗಳ ಗುಳಿಗೆಯಿಂದ ವಾಸಿಯಾಗುವುದೆಂದರೆ ಅದು ಸಾಮಾನ್ಯವಾದ ಉಪಕಾರವಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೆ: ಈ ಮಾತ್ರೆಯನ್ನು ಏತಕ್ಕಾಗಿ ಮೊದಲುಮಾಡಿದೆವೆಂಬುದೂ ಎಂದು ನಿಲ್ಲಿಸಬೇಕೆಂಬುದೂ ಅದನ್ನು ನುಂಗುವವರಿಗೆ ಗೊತ್ತಿರಬೇಕು. ನಮ್ಮ ಮನೆಗಳಲ್ಲಿ ಈ ಎರಡೂ ಮರೆತುಹೋಗಿರುವುವು.

ಮೊದಲು ‘ಗ್ಯಾಸ್ಟ್ರಿಕ್’ ಎಂಬ ಮಾತನ್ನೇ ವಿಚಾರಿಸೋಣ. ಇಂಗ್ಲಿಷಿನಲ್ಲಿ ಇದು ಬರಿಯ ವಿಶೇಷಣ. ಹೊಟ್ಟೆಗೆ ಸಂಬಂಧಪಟ್ಟದ್ದು ಎಂದು ಮಾತ್ರ ಇದರ ಅರ್ಥ. ನಾವು ಅದನ್ನು ಒಂದು ರೋಗದ ಹೆಸರನ್ನಾಗಿ ಮಾಡಿಕೊಂಡಿದ್ದೇವೆ. ಎದೆಯುರಿಯೂ ಗ್ಯಾಸ್ಟ್ರಿಕ್ಕೇ, ಹುಳಿತೇಗೂ ಗ್ಯಾಸ್ಟ್ರಿಕ್ಕೇ. ಹೊಟ್ಟೆಯುಬ್ಬರ, ವಾಯು, ಬೆನ್ನುನೋವು, ತಲೆಸುತ್ತು, ನಿದ್ರೆ ಬಾರದಿರುವುದು, ಕಡೆಗೆ ಎಡತೋಳಿನ ಸೆಳೆತವೂ ಗ್ಯಾಸ್ಟ್ರಿಕ್ಕೇ. ಇಷ್ಟೊಂದು ಭಾರವನ್ನು ಒಂದು ಮಾತಿನ ಮೇಲೆ ಹೇರಿದರೆ ಅದು ಹೊರುವುದು ಹೇಗೆ? ಈ ಮಾತ್ರೆಗೆ ಬಲವಿರುವುದು ಹೊಟ್ಟೆಯ ಆಮ್ಲದ ಮೇಲೆ ಮಾತ್ರ. ಅವರೆಕಾಳಿನ ಹುಳಿಯನ್ನುಂಡು ಕರುಳಿನಲ್ಲಿ ವಾಯು ತುಂಬಿಕೊಂಡವನಿಗೆ ಆಮ್ಲವನ್ನು ಅಡಗಿಸುವುದರಿಂದ ಏನೂ ಪ್ರಯೋಜನವಾಗದು. ಆದರೆ ವಾಯುವು ತಾನಾಗಿಯೇ ಎರಡು ಗಂಟೆಗಳಲ್ಲಿ ಇಳಿಯುವುದರಿಂದ, ಇಳಿದ ಕೀರ್ತಿಯು ಮಾತ್ರೆಗೆ ಸಲ್ಲುತ್ತದೆ.

ಹೊಟ್ಟೆಯಲ್ಲಿ ಆಮ್ಲವಿರುವುದು ರೋಗದಿಂದಲ್ಲ, ಪ್ರಕೃತಿಯಿಂದ. ಅದು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯನು ೧೮೨೩ರಲ್ಲಿ ತೋರಿಸಿಕೊಟ್ಟನು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಬಂದೂಕಿನ ಗುಂಡು ತಗುಲಿ ಹೊಟ್ಟೆಯಲ್ಲಿ ರಂಧ್ರವಾಗಿ, ಅದು ಮುಚ್ಚದೆ ಉಳಿದುಬಿಟ್ಟಿತು. ಅವನಿಗೆ ಚಿಕಿತ್ಸೆ ಮಾಡಿದ ಬೋಮಾಂಟ್ ಎಂಬ ಸೇನಾವೈದ್ಯನು ಮಾಂಸದ ಚೂರುಗಳನ್ನು ದಾರಕ್ಕೆ ಕಟ್ಟಿ ಆ ರಂಧ್ರದೊಳಗೆ ಇಳಿಯಬಿಟ್ಟು, ಅವು ಎಷ್ಟು ಹೊತ್ತಿಗೆ ಕರಗುವುವೆಂದು ಪರೀಕ್ಷಿಸಿ, ೧೮೩೩ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಆ ಯುವಕನಿಗೆ ಇದರಿಂದ ಎಷ್ಟು ಬೇಸರವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು! ಅಂತೂ ನಮಗೆ ಗೊತ್ತಾದುದೇನೆಂದರೆ, ಈ ಆಮ್ಲವು ಅನ್ನವನ್ನು ಜೀರ್ಣಿಸುವುದಕ್ಕೆ ನೆರವಾಗುತ್ತದೆ. ಆಹಾರದೊಡನೆ ಒಳಹೊಕ್ಕ ರೋಗಾಣುಗಳಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ಆಹಾರದಲ್ಲಿರುವ ಕಬ್ಬಿಣವನ್ನೂ ಬಿ೧೨ ಎಂಬ ಜೀವಸತ್ವವನ್ನೂ ದೇಹಕ್ಕೆ ಒದಗುವಂತೆ ಬಿಡಿಸಿಕೊಡುತ್ತದೆ. ಇಂಥ ಸೇವಕನನ್ನು ವರ್ಷಗಟ್ಟಲೆ ಕಟ್ಟಿಹಾಕಬೇಕಾದರೆ ತಕ್ಕ ಕಾರಣವಿರಬೇಡವೆ?

ಆಮ್ಲವು ಮೇಲಕ್ಕೆದ್ದು ಅನ್ನನಾಳವನ್ನು ಸುಡುವುದೂ ಹೊಟ್ಟೆಯ ಗೋಡೆಯನ್ನೇ ಕೊರೆದು ಹುಣ್ಣುಮಾಡುವುದೂ ಉಂಟಷ್ಟೆ. ಅದಕ್ಕೆ ನಮ್ಮ ಹಿರಿಯರು ಜೀರಿಗೆಯ ನೀರು, ಮಜ್ಜಿಗೆ, ಅಡಿಗೆಯ ಸೋಡಾ ಇವುಗಳನ್ನು ಬಳಸುತ್ತಿದ್ದರು. ಈಗಿನ ಇನೋ ಪುಡಿಯಲ್ಲಿಯೂ ಮುಖ್ಯವಾಗಿರುವುದು ಆ ಸೋಡಾವೇ; ಅದರಲ್ಲಿ ಸೋಡಿಯಂ ಹೆಚ್ಚಾಗಿರುವುದರಿಂದ ರಕ್ತದ ಒತ್ತಡವುಳ್ಳವರು ಅದನ್ನು ದಿನವೂ ಕುಡಿಯತಕ್ಕದ್ದಲ್ಲ. ಡೈಜಿನ್, ಜೆಲುಸಿಲ್ ಮೊದಲಾದ ದ್ರವಗಳು ಸುರಿದಿರುವ ಆಮ್ಲವನ್ನು ಆಗಿಂದಾಗ್ಗೆ ಶಮನಮಾಡುವುವು. ಇವುಗಳ ಗುಣವು ಬೇಗನೆ ತೋರಿ ಬೇಗನೆ ಅಡಗುವುದು.

ಆಮ್ಲವು ಸುರಿಯುವುದನ್ನೇ ತಗ್ಗಿಸುವ ಔಷಧವನ್ನು ಮೊಟ್ಟಮೊದಲು ಸಾಧಿಸಿದವರು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಜೊತೆಗಾರರು. ಅವರ ಸಿಮೆಟಿಡಿನ್ ೧೯೭೬ರಲ್ಲಿಯೂ, ಅದರ ತಮ್ಮನೆನ್ನಬಹುದಾದ ರ‍್ಯಾನಿಟಿಡಿನ್ ೧೯೮೧ರಲ್ಲಿಯೂ ಪೇಟೆಗೆ ಬಂದುವು. ಈ ರ‍್ಯಾನಿಟಿಡಿನ್ ರ‍್ಯಾನ್‌ಟ್ಯಾಕ್, ಜಿನೆಟ್ಯಾಕ್ ಎಂಬ ಹೆಸರುಗಳಲ್ಲಿ ನಮ್ಮ ಮನೆಮನೆಯ ಪೆಟ್ಟಿಗೆಯನ್ನೂ ಸೇರಿತ್ತು. ೧೯೮೮ರಲ್ಲಿ ಬ್ಲ್ಯಾಕರಿಗೆ ನೊಬೆಲ್ ಬಹುಮಾನವು ಬಂದಿತು. ಆ ವರ್ಷವೇ ಸ್ವೀಡನ್ ದೇಶದಿಂದ ಒಮೆಪ್ರಜೋಲ್ ಎಂಬ ಇನ್ನೂ ಬಲವಾದ ಮದ್ದು ಹೊರಟು ಹಳೆಯದನ್ನು ಹಿಂದೆ ಹಾಕಿತು. ರ‍್ಯಾನಿಟಿಡಿನ್ನಿಗೆ ಮುಂದೆ ಬೇರೊಂದು ಸಂಕಟವೂ ಬಂದಿತು. ಕಾಲಕ್ರಮದಲ್ಲಿ ಅದರೊಳಗೆ ಎನ್‌ಡಿಎಂಎ ಎಂಬ, ಕ್ಯಾನ್ಸರಿಗೆ ಕಾರಣವಾಗಬಹುದಾದ ಕಲ್ಮಷವು ಹುಟ್ಟುವುದೆಂದು ೨೦೧೯ರಲ್ಲಿ ಗೊತ್ತಾಗಿ, ೨೦೨೦ರಲ್ಲಿ ಅಮೆರಿಕದ ಸರಕಾರದವರು ಅದನ್ನು ಪೇಟೆಯಿಂದ ತೆಗೆಸಿದರು. ೨೦೨೨ರಲ್ಲಿ ನಮ್ಮ ದೇಶದ ಅತ್ಯವಶ್ಯಕ ಔಷಧಗಳ ಪಟ್ಟಿಯಿಂದಲೂ ಅದರ ಹೆಸರು ಹೋಯಿತು. ಹಳೆಯ ಪಟ್ಟಿಗಳು ಮನೆಯ ಮೂಲೆಯಲ್ಲಿ ಉಳಿದಿದ್ದರೆ ಅವುಗಳನ್ನು ಬಳಸದಿರುವುದು ಲೇಸು.

ಈಗ ಎಲ್ಲೆಲ್ಲಿಯೂ ಚಲಾವಣೆಯಲ್ಲಿರುವ ಪ್ಯಾಂಟೊಪ್ರಜೋಲ್, ರಬೆಪ್ರಜೋಲ್, ಒಮೆಪ್ರಜೋಲ್, ಎಸೊಮೆಪ್ರಜೋಲ್ ಇವೆಲ್ಲವೂ ಒಂದೇ ಕುಲದವು. ಇವುಗಳ ಕೆಲಸದ ರೀತಿಯನ್ನು ತಿಳಿದುಕೊಂಡರೆ ಸೇವಿಸುವ ಕ್ರಮವು ತಾನಾಗಿಯೇ ತಿಳಿಯುತ್ತದೆ. ಹೊಟ್ಟೆಯ ಗೋಡೆಯಲ್ಲಿ ಆಮ್ಲವನ್ನು ಹೊರಕ್ಕೆ ನೂಕುವ ಅತಿ ಸೂಕ್ಷ್ಮವಾದ ಪಂಪುಗಳುಂಟು. ಮಾತ್ರೆಯು ಹೊಟ್ಟೆಯಲ್ಲಿ ಕರಗುವುದಿಲ್ಲ. ಕರಗಿದರೆ ಆಮ್ಲವೇ ಅದನ್ನು ಹಾಳುಮಾಡಿಬಿಡುವುದು. ಆದುದರಿಂದ ಅದಕ್ಕೆ ಒಂದು ಕವಚವನ್ನು ತೊಡಿಸಿರುತ್ತಾರೆ. ಅದು ಕರುಳಿಗೆ ಇಳಿದು, ರಕ್ತವನ್ನು ಸೇರಿ, ರಕ್ತದ ಮೂಲಕ ಹೊಟ್ಟೆಯ ಗೋಡೆಗೆ ಹಿಂದಿರುಗಿ, ಆ ಹೊತ್ತಿನಲ್ಲಿ ಕೆಲಸಮಾಡುತ್ತಿರುವ ಪಂಪುಗಳಿಗೆ ಬೀಗ ಹಾಕುವುದು. ಸುಮ್ಮನೆ ಮಲಗಿರುವ ಪಂಪಿಗೆ ಈ ಬೀಗವು ಹತ್ತುವುದಿಲ್ಲ. ಪಂಪುಗಳೆಲ್ಲ ಎದ್ದು ದುಡಿಯುವುದು ನಾವು ಊಟಮಾಡಿದಾಗ. ಆದುದರಿಂದ ಬರಿಯ ಹೊಟ್ಟೆಯಲ್ಲಿ ಮಾತ್ರೆಯನ್ನು ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಆಹಾರವನ್ನು ತೆಗೆದುಕೊಳ್ಳತಕ್ಕದ್ದು. ಊಟವಾದಮೇಲೆ ನುಂಗಿದರೆ ಅರ್ಧ ಗುಣ. ನುಂಗಿ ಹನ್ನೊಂದು ಗಂಟೆಯವರೆಗೆ ಉಪವಾಸವಿದ್ದರೂ ಅಷ್ಟೆ.

ಇಲ್ಲಿ ನಮ್ಮೂರಿನ ಕಾಫಿಯ ಮಾತು ಬಾರದೆ ಹೋಗುವುದಿಲ್ಲ. ನಮ್ಮಲ್ಲಿ ಅನೇಕರು ಮಾತ್ರೆಯನ್ನು ಬೆಳಗಿನ ಕಾಫಿಯೊಡನೆಯೇ ನುಂಗಿ, ತಿಂಡಿಗೆ ಒಂಬತ್ತೂವರೆಯವರೆಗೆ ಕಾಯುತ್ತಾರೆ. ನೀರಿನಲ್ಲಿ ನುಂಗಿ, ಹಲ್ಲುಜ್ಜಿ, ಮುಖ ತೊಳೆದು, ಪತ್ರಿಕೆಯನ್ನು ನೋಡಿ, ಅರ್ಧ ಗಂಟೆಯ ತರುವಾಯ ಕಾಫಿಯನ್ನೂ ತಿಂಡಿಯನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತ್ರೆಯು ಸಾರ್ಥಕವಾಗುವುದು. ರಾಜಾಜಿನಗರವು ೧೯೪೯ರಲ್ಲಿ ಕೈಗಾರಿಕೆಯ ಉಪನಗರವಾಗಿ ಹುಟ್ಟಿದುದು. ಪಾಳಿಯ ಮೇಲೆ ದುಡಿಯುವವರು ಈ ಭಾಗದಲ್ಲಿ ಇಂದಿಗೂ ಬಹಳ ಮಂದಿ. ರಾತ್ರಿಪಾಳಿಯವರಿಗೆ ‘ಬೆಳಗ್ಗೆ’ ಎಂಬ ಮಾತಿಗೆ ಅರ್ಥವಿಲ್ಲ. ಅವರು ಎದ್ದಮೇಲೆ ಮಾಡುವ ಮೊದಲನೆಯ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂದು ಲೆಕ್ಕವಿಟ್ಟುಕೊಳ್ಳಬೇಕು; ಈ ಸೂಕ್ಷ್ಮವನ್ನು ವೈದ್ಯರಿಗೂ ತಿಳಿಸಬೇಕು. ಇನ್ನು, ಮುದುಕರಿಗೆ ನುಂಗಲಾಗದೆಂದು ಮಾತ್ರೆಯನ್ನು ಪುಡಿಮಾಡಿ ಹಾಲಿನಲ್ಲಿ ಕಲಸಿಕೊಡುವ ಗೃಹಿಣಿಯರುಂಟು. ಕವಚವು ಒಡೆದಮೇಲೆ ಆ ಮದ್ದಿನಲ್ಲಿ ಹೆಚ್ಚಿನ ಸಾರವು ಉಳಿಯುವುದಿಲ್ಲ. ನುಂಗಲಾರದವರಿಗೆ ಬೇರೆ ರೂಪದ ಔಷಧಗಳಿವೆ, ಕೇಳಿ ತರಿಸಿಕೊಳ್ಳಬೇಕು.

ಈ ಮಾತ್ರೆಯು ಬೆಂಕಿ ಬಿದ್ದಾಗ ಎರಚುವ ನೀರಲ್ಲ. ಪಂಪುಗಳು ಒಂದೇ ದಿನ ಎಲ್ಲವೂ ಎದ್ದಿರುವುದಿಲ್ಲವಾದ್ದರಿಂದ ಪೂರ್ಣವಾದ ಗುಣವು ಕಾಣುವುದಕ್ಕೆ ಮೂರು ನಾಲ್ಕು ದಿನಗಳು ಬೇಕು. ಮೊದಲನೆಯ ದಿನವೇ ಉರಿ ಆರಲಿಲ್ಲವೆಂದು ಎರಡು ಮೂರು ನುಂಗುವುದು ಅವಿವೇಕ. ಒಂದು ದಿನ ಮರೆತರೆ ಮರುದಿನ ಜೋಡಿಯಾಗಿ ನುಂಗಬೇಕಾದುದೂ ಇಲ್ಲ.

ಹಾಗಾದರೆ ಇದು ನಿಜವಾಗಿಯೂ ಬೇಕಾದವರು ಯಾರು? ಹೊಟ್ಟೆಯಲ್ಲಾಗಲಿ ಸಣ್ಣ ಕರುಳಿನ ಮೊದಲಲ್ಲಾಗಲಿ ಹುಣ್ಣಾಗಿರುವವರು. ಆಮ್ಲವು ಮೇಲೇರಿ ಅನ್ನನಾಳವು ಬೆಂದಿರುವವರು. ಹೃದಯಕ್ಕಾಗಿ ಆಸ್ಪಿರಿನ್ನನ್ನೋ ಕೀಲುಗಳಿಗಾಗಿ ನೋವಿನ ಮಾತ್ರೆಗಳನ್ನೋ ಸೇವಿಸಲೇಬೇಕಾದ ವಯಸ್ಸಾದವರು. ಹುಣ್ಣಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳು ಸಾಕಾಗುತ್ತವೆ. ಆದರೆ ಹುಣ್ಣಿನ ಬೇರು ಬಹುಮಂದಿಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ವೈದ್ಯನು ಇದನ್ನು ಯಾರೂ ನಂಬದಿರಲು, ೧೯೮೪ರಲ್ಲಿ ಆ ರೋಗಾಣುಗಳನ್ನು ತಾನೇ ಕುಡಿದು, ಹೊಟ್ಟೆಯುರಿಯನ್ನು ಬರಿಸಿಕೊಂಡು ತೋರಿಸಿದನು. ೨೦೦೫ರಲ್ಲಿ ಅವನಿಗೂ ಅವನ ಜೊತೆಗಾರ ರಾಬಿನ್ ವಾರೆನ್‌ಗೂ ನೊಬೆಲ್ ಬಹುಮಾನವು ದೊರೆಯಿತು. ಈ ರೋಗಾಣುವು ಇದ್ದಲ್ಲಿ ಆಮ್ಲದ ಮಾತ್ರೆಯೊಂದರಿಂದಲೇ ಬೇರು ಕೀಳಲಾಗದು. ಅದರೊಡನೆ ಬೇರೆ ಔಷಧಗಳನ್ನೂ ಸಾಮಾನ್ಯವಾಗಿ ಎರಡು ವಾರ ತಪ್ಪದೆ ಸೇವಿಸಬೇಕಾಗುವುದು. ಇಲ್ಲೊಂದು ಸೂಕ್ಷ್ಮವುಂಟು. ಉಸಿರಿನಿಂದಲೋ ಮಲದಿಂದಲೋ ಈ ರೋಗಾಣುವನ್ನು ಪರೀಕ್ಷಿಸುವ ಮೊದಲು ಎರಡು ವಾರ ಆಮ್ಲದ ಮಾತ್ರೆಯನ್ನು ಬಿಟ್ಟಿರಬೇಕು. ಇಲ್ಲವಾದರೆ ರೋಗಾಣು ಇದ್ದರೂ ಇಲ್ಲವೆಂದು ವರದಿಯು ಬರಬಹುದು. ಅಂಗಡಿಯಿಂದ ತಂದು ದಿನವೂ ನುಂಗುತ್ತಿದ್ದು, ಆ ಮಾತನ್ನು ವೈದ್ಯರಿಗೆ ಹೇಳದೆ ಪರೀಕ್ಷೆಗೆ ಹೋದವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುವರು.

ನಮ್ಮ ಬಂಧುಗಳಾದ ಹಿರಿಯರೊಬ್ಬರು ಬಸವೇಶ್ವರನಗರದಲ್ಲಿರುವರು, ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಮೊಣಕಾಲಿನ ನೋವಿಗಾಗಿ ವೈದ್ಯರು ಅವರಿಗೆ ಹತ್ತು ದಿನ ನೋವಿನ ಮಾತ್ರೆಯನ್ನೂ, ಅದರ ಉರಿಯಿಂದ ಹೊಟ್ಟೆಯನ್ನು ಕಾಪಾಡುವುದಕ್ಕಾಗಿ ಪ್ಯಾಂಟೊಪ್ರಜೋಲನ್ನೂ ಬರೆದುಕೊಟ್ಟರು. ಹತ್ತು ದಿನಗಳಾದಮೇಲೆ ನೋವಿನ ಮಾತ್ರೆಯು ನಿಂತಿತು. ಕಾವಲುಗಾರನು ಮಾತ್ರ ಆರು ವರ್ಷ ಮನೆಯಲ್ಲಿಯೇ ಉಳಿದನು! ನಡುವೆ ಎರಡು ಸಲ ಬಿಡಬೇಕೆಂದು ಅವರು ಪ್ರಯತ್ನಪಟ್ಟುದುಂಟು. ಬಿಟ್ಟ ನಾಲ್ಕನೆಯ ದಿನಕ್ಕೆ ಎದೆಯಲ್ಲಿ ಹಿಂದೆಂದೂ ಇಲ್ಲದ ಉರಿಯೆದ್ದಿತು. “ನೋಡಿದಿರಾ, ನನಗೆ ಇದು ಬೇಕೇ ಬೇಕು” ಎಂದು ಮತ್ತೆ ಮೊದಲುಮಾಡಿದರು. ಕಡೆಗೆ ಪಾದಗಳಲ್ಲಿ ಜುಮುಜುಮು ಎನ್ನುವುದು ಹೆಚ್ಚಾಗಿ ರಕ್ತವನ್ನು ಪರೀಕ್ಷಿಸಿದಾಗ ಬಿ೧೨ ತೀರ ಇಳಿದಿತ್ತು. ಅವರು ಶಾಕಾಹಾರಿಗಳು, ಸಕ್ಕರೆಯ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರು, ಆ ಎರಡರಿಂದಲೂ ಬಿ೧೨ ಇಳಿಯುವುದುಂಟು. ಮೂವರು ಆರೋಪಿಗಳಲ್ಲಿ ತಪ್ಪು ಯಾರದೆಂದು ನಿರ್ಣಯಿಸುವುದು ಕಷ್ಟ. ಆದರೆ ಬೇಡದೆ ಇದ್ದವನು ಒಬ್ಬನೇ.

ಬಿಟ್ಟಕೂಡಲೆ ಅವರಿಗೆ ಉರಿಯೆದ್ದುದು ಏಕೆ? ಬಹುಕಾಲ ಪಂಪುಗಳಿಗೆ ಬೀಗ ಹಾಕಿದರೆ, ಆಮ್ಲವು ಸಾಲದೆಂದು ತಿಳಿದ ದೇಹವು ಗ್ಯಾಸ್ಟ್ರಿನ್ ಎಂಬ ರಸವನ್ನು ಹೆಚ್ಚಿಸಿ ಆಮ್ಲದ ಕಾರ್ಖಾನೆಯನ್ನು ವಿಸ್ತರಿಸುತ್ತದೆ. ಬೀಗವನ್ನು ಒಮ್ಮೆಗೇ ತೆಗೆದರೆ ಹಳೆಯದಕ್ಕಿಂತಲೂ ಹೆಚ್ಚಾಗಿ ಆಮ್ಲವು ಉಕ್ಕುವುದು. ೨೦೦೯ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪರೀಕ್ಷೆಯು ಈ ಮಾತನ್ನು ಸೊಗಸಾಗಿ ತೋರಿಸಿತು. ಹೊಟ್ಟೆಯ ಕಾಯಿಲೆಯೇ ಇಲ್ಲದ ೧೨೦ ಮಂದಿ ಆರೋಗ್ಯವಂತರನ್ನು ಎರಡು ಪಂಗಡಮಾಡಿ, ಒಂದಕ್ಕೆ ಎಂಟು ವಾರ ಎಸೊಮೆಪ್ರಜೋಲನ್ನು ಕೊಟ್ಟು ನಿಲ್ಲಿಸಿದರು. ಇನ್ನೊಂದಕ್ಕೆ ಬರಿಯ ಹುಸಿಮಾತ್ರೆಯನ್ನು ಕೊಟ್ಟರು. ನಿಲ್ಲಿಸಿದ ನಂತರದ ವಾರಗಳಲ್ಲಿ ಮದ್ದು ತಿಂದವರಲ್ಲಿ ನೂರಕ್ಕೆ ೪೪ ಮಂದಿಗೆ ಎದೆಯುರಿ, ಹುಳಿತೇಗು ಮೊದಲಾದುವು ಕಂಡುಬಂದುವು. ತಿನ್ನದವರಲ್ಲಿ ನೂರಕ್ಕೆ ೧೫ ಮಂದಿಗೆ ಮಾತ್ರ. ಎಂದರೆ ಇಲ್ಲದ ಕಾಯಿಲೆಯನ್ನು ಮಾತ್ರೆಯೇ ತಂದುಕೊಟ್ಟಂತಾಯಿತು. ಆದುದರಿಂದ ಬಹುಕಾಲ ನುಂಗಿದವರು ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸುವುದು ವಿಹಿತ: ಮೊದಲು ಅರ್ಧ ಪ್ರಮಾಣ, ತರುವಾಯ ದಿನ ಬಿಟ್ಟು ದಿನ, ನಡುವೆ ಉರಿಯೆದ್ದರೆ ಶಾಮಕ ದ್ರವದ ಒಂದೆರಡು ಚಮಚೆ. ಈ ಉಕ್ಕುವಿಕೆಯು ಕೆಲವು ವಾರಗಳದು ಮಾತ್ರ ಎಂಬುದನ್ನು ತಿಳಿದಿದ್ದರೆ ಮನಸ್ಸು ಗಟ್ಟಿಯಾಗಿರುವುದು.

ದೀರ್ಘಕಾಲದ ಸೇವನೆಯಿಂದ ಇನ್ನೂ ಏನೇನು ಆಗುವುದೆಂಬ ವಿಷಯದಲ್ಲಿ ಭಯಹುಟ್ಟಿಸುವ ಮಾತುಗಳು ಬಹಳ ಹಬ್ಬಿರುವುವು. ಕೆಲವರಲ್ಲಿ ಮೆಗ್ನೀಸಿಯಂ ಇಳಿದು ಸೆಳೆತ, ಎದೆಬಡಿತಗಳು ಕಾಣಬಹುದೆಂದು ಅಮೆರಿಕದ ಔಷಧಾಧಿಕಾರಿಗಳು ೨೦೧೧ರಲ್ಲಿ ಎಚ್ಚರಿಸಿದರು. ಮೂತ್ರಪಿಂಡಕ್ಕೆ ಅಪರೂಪವಾಗಿ ಊತ ಬರುವುದುಂಟು. ೨೦೧೯ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರೂ ಈ ಎಚ್ಚರಿಕೆಯನ್ನು ಮದ್ದಿನ ಜೊತೆಯ ಕಾಗದದಲ್ಲಿ ಸೇರಿಸಬೇಕೆಂದು ತಿಳಿಸಿದರು. ಮೂಳೆ ಮುರಿಯುವುದು ಹೆಚ್ಚೆಂಬ ಮಾತೂ ಇದೆ. ಆದರೆ ೨೦೧೯ರಲ್ಲಿಯೇ ಪ್ರಕಟವಾದ, ಹದಿನೇಳೂವರೆ ಸಾವಿರಕ್ಕೆ ಮಿಕ್ಕ ರೋಗಿಗಳನ್ನು ಒಳಗೊಂಡ ದೊಡ್ಡದೊಂದು ಪರೀಕ್ಷೆಯಲ್ಲಿ, ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಸೇವಿಸಿದವರಿಗೂ ಹುಸಿಮಾತ್ರೆಯವರಿಗೂ ಕರುಳಿನ ಸೋಂಕೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವು ಕಾಣಲಿಲ್ಲ. ಆದುದರಿಂದ ಬೇಕಾದವರು ಹೆದರಿ ಬಿಡತಕ್ಕದ್ದಲ್ಲ. ಹಿಂದೆ ಹುಣ್ಣಿನಿಂದ ರಕ್ತ ಹೋದವರೂ, ಹೃದಯಕ್ಕೆ ರಕ್ತ ತೆಳುವಾಗಿಸುವ ಮದ್ದನ್ನು ಸೇವಿಸುವವರೂ, ಅನ್ನನಾಳದ ಕೋಶಗಳು ಮಾರ್ಪಟ್ಟಿರುವವರೂ ಈ ಲೇಖನವನ್ನು ಓದಿ ನಾಳೆ ಮಾತ್ರೆಯನ್ನು ನಿಲ್ಲಿಸಿದರೆ ನಮಗೆ ದೊಡ್ಡ ಅಪರಾಧವು ತಟ್ಟುವುದು. ಅಂಥವರಿಗೆ ವರ್ಷಗಟ್ಟಲೆ ಬೇಕಾಗಬಹುದು. ವರ್ಷಕ್ಕೊಮ್ಮೆ ವೈದ್ಯರ ಬಳಿ “ಇದು ಇನ್ನೂ ಬೇಕೆ?” ಎಂದು ಕೇಳಿದರೆ ಸಾಕು.

ಬೇರೆ ಔಷಧಗಳೊಡನೆ ಈ ಮಾತ್ರೆಯ ನಡವಳಿಕೆಯನ್ನೂ ತಿಳಿಯಬೇಕು. ಥೈರಾಯ್ಡ್ ಮಾತ್ರೆಯೂ ಬರಿಯ ಹೊಟ್ಟೆಯನ್ನೇ ಕೇಳುವುದು. ಆಮ್ಲವು ತಗ್ಗಿದರೆ ಅದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಎರಡನ್ನೂ ಸೇವಿಸುವ ಹೆಂಗಸರು ನಮ್ಮಲ್ಲಿ ಬಹುಮಂದಿ ಇರುವುದರಿಂದ, ಆಮ್ಲದ ಮಾತ್ರೆಯನ್ನು ಮೊದಲುಮಾಡಿದ ಆರೆಂಟು ವಾರಗಳಲ್ಲಿ ಥೈರಾಯ್ಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೆ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತಿಂದೂ ರಕ್ತವು ಏರದಿದ್ದರೆ ಇದರ ಮೇಲೆಯೂ ಒಂದು ಕಣ್ಣಿಡಬೇಕು. ಹೃದಯಕ್ಕೆ ಕ್ಲೊಪಿಡೊಗ್ರೆಲ್ ಸೇವಿಸುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್‌ಗಳು ಹೊಂದವು. ಪ್ಯಾಂಟೊಪ್ರಜೋಲ್ ಅಷ್ಟು ಅಡ್ಡಿ ಮಾಡದು. ಒಂದಕ್ಕೆ ಬದಲು ಇನ್ನೊಂದನ್ನು “ಎಲ್ಲ ಒಂದೇ ಸ್ವಾಮಿ” ಎಂದು ಅಂಗಡಿಯವನು ಕೊಡುವಾಗ ಈ ಮಾತು ನೆನಪಿರಲಿ. ಹೆಸರಿನ ಕೊನೆಯಲ್ಲಿ ‘ಡಿ’ ಅಕ್ಷರವುಳ್ಳವುಗಳಲ್ಲಿ ಡೊಂಪೆರಿಡೋನ್ ಎಂಬ ವಾಂತಿಯ ಮದ್ದೂ ಸೇರಿರುವುದುಂಟು. ಅದು ಕೆಲವರಲ್ಲಿ, ಮುಖ್ಯವಾಗಿ ಅರುವತ್ತು ದಾಟಿದವರಲ್ಲಿ, ಹೃದಯದ ಲಯವನ್ನು ಕೆಡಿಸಬಲ್ಲುದು. ೨೦೧೪ರಲ್ಲಿ ಯೂರೋಪಿನ ಔಷಧಾಧಿಕಾರಿಗಳು ಅದರ ಪ್ರಮಾಣವನ್ನೂ ಅವಧಿಯನ್ನೂ ಕಡಮೆಮಾಡಿದರು. ವಾಂತಿಯೇ ಇಲ್ಲದವರು ಅದನ್ನು ತಿಂಗಳುಗಟ್ಟಲೆ ನುಂಗುವುದು ಏತಕ್ಕೆ?

ಇದುವರೆಗೆ ಹೇಳಿದುದೆಲ್ಲ ನಿಧಾನವಾದ ಅಪಾಯ. ಬೇಗನೆ ಪ್ರಾಣವನ್ನೇ ತೆಗೆಯುವ ತಪ್ಪೊಂದುಂಟು. ಹಿಂದೊಮ್ಮೆ ನಮ್ಮ ಬೀದಿಯಲ್ಲಿಯೇ, ಐವತ್ತು ದಾಟದ ಗೃಹಸ್ಥರೊಬ್ಬರು ರಾತ್ರಿ ಮದುವೆಯ ಊಟ ಮುಗಿಸಿ ಬಂದು ಎದೆಯಲ್ಲಿ ಭಾರವೆಂದರು. ಮೈಯೆಲ್ಲ ಬೆವರಿತ್ತು. ಮನೆಯವರು ಇನೋ ಕಲಸಿಕೊಟ್ಟರು, ತೇಗು ಬಂದಿತು, ಸ್ವಲ್ಪ ಹಗುರವಾದಂತಾಯಿತು. ಎರಡು ಮಾತ್ರೆಗಳನ್ನೂ ನುಂಗಿಸಿ ಮಲಗಿಸಿದರು. ನಸುಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದಾಗ ಹೃದಯಾಘಾತವೆಂದು ಗೊತ್ತಾಯಿತು. ಅವರು ಉಳಿದರು, ಆದರೆ ಹೃದಯದ ಒಂದು ಭಾಗವು ಸತ್ತುಹೋಗಿತ್ತು. ಈಗ ಒಂದು ಮಹಡಿಯನ್ನು ಹತ್ತುವಾಗ ಎರಡು ಕಡೆ ನಿಲ್ಲುವರು. ತೇಗು ಬಂದಿತೆಂಬುದರಿಂದ ಅದು ಹೊಟ್ಟೆಯ ಕಾಯಿಲೆಯೆಂದು ಸಿದ್ಧವಾಗುವುದಿಲ್ಲ. ಎದೆಯ ನಡುವೆ ಹಿಂಡಿದಂತೆ ನೋವು, ತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ನಡೆದರೆ ಹೆಚ್ಚಾಗಿ ನಿಂತರೆ ಇಳಿಯುವುದು—ಇವುಗಳಲ್ಲಿ ಯಾವುದೊಂದು ಕಂಡರೂ ಮಾತ್ರೆಯ ಪೆಟ್ಟಿಗೆಯನ್ನು ತೆಗೆಯದೆ ೧೦೮ಕ್ಕೆ ಕರೆಮಾಡಿ, ಹೃದಯದ ವಿದ್ಯುಲ್ಲೇಖವನ್ನು ತೆಗೆಯುವ ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. ಸಕ್ಕರೆಯ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ಹೃದಯಾಘಾತವು ಬರಿಯ ಹೊಟ್ಟೆತೊಳಸುವಿಕೆ, ಸುಸ್ತುಗಳ ವೇಷದಲ್ಲಿಯೇ ಬರುವುದುಂಟು. ಹೃದ್ರೋಗಕ್ಕೆಂದೇ ಮೀಸಲಾದ ಜಯದೇವ ಸಂಸ್ಥೆಯಂಥದು ನಮ್ಮ ನಗರದಲ್ಲಿಯೇ ಇದ್ದೂ, ಗ್ಯಾಸ್ಟ್ರಿಕ್ ಎಂಬ ಒಂದು ಮಾತಿನಿಂದ ಮೊದಲನೆಯ ಗಂಟೆಗಳು ವ್ಯರ್ಥವಾಗುವುದು ನಮ್ಮ ಮನಸ್ಸನ್ನು ಬಹಳ ನೋಯಿಸುತ್ತದೆ.

ಮಾತ್ರೆಯ ಹಿಂದೆ ಅಡಗಿಕೊಳ್ಳುವ ರೋಗಗಳು ಇನ್ನೂ ಉಂಟು. ಮಲವು ಡಾಂಬರಿನಂತೆ ಕಪ್ಪಾಗಿ ಜಿಗುಟಾದರೆ ಒಳಗೆ ರಕ್ತ ಸುರಿಯುತ್ತಿದೆಯೆಂದು ಶಂಕಿಸಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲವು ಕಪ್ಪಾಗುವುದರಿಂದ ಅದನ್ನು ತಿನ್ನುವವರು ಗಾಬರಿಪಡದೆ ಆ ವಿಷಯವನ್ನೂ ವೈದ್ಯರಿಗೆ ಹೇಳಬೇಕು. ರಕ್ತವಾಂತಿ, ತುತ್ತು ಗಂಟಲಿನಿಂದ ಕೆಳಕ್ಕೆ ಇಳಿಯದಿರುವುದು, ಕಾರಣವಿಲ್ಲದೆ ತೂಕವಿಳಿಯುವುದು, ಬಿಡದ ವಾಂತಿ, ರಕ್ತಹೀನತೆ, ಐವತ್ತು ದಾಟಿದಮೇಲೆ ಹೊಸದಾಗಿ ಹುಟ್ಟಿದ ಅಜೀರ್ಣ—ಇವುಗಳಿಗೆ ಅಂಗಡಿಯ ಮಾತ್ರೆಯು ಮದ್ದಲ್ಲ. ಹೊಟ್ಟೆಯ ಕ್ಯಾನ್ಸರಿನಲ್ಲಿಯೂ ಈ ಮಾತ್ರೆಯು ಕೆಲವು ದಿನ ನೋವನ್ನು ಅಡಗಿಸಿ ನಮ್ಮನ್ನು ಮೋಸಗೊಳಿಸುವುದುಂಟು. ಎರಡು ವಾರ ಸೇವಿಸಿದರೂ ಇಳಿಯದ ಉರಿಗೆ ದುರ್ಬೀನಿನ ಪರೀಕ್ಷೆ ಬೇಕಾಗುವುದೋ ಇಲ್ಲವೋ ಎಂಬುದನ್ನು ವೈದ್ಯರು ನಿರ್ಣಯಿಸಬೇಕು. ಕಾರ್ಖಾನೆಗಳಲ್ಲಿ ವಿಮೆಯುಳ್ಳ ಕೆಲಸಗಾರರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ತೆರೆದಿದೆ. ಸಾಲಿನಲ್ಲಿ ನಿಲ್ಲುವ ಬೇಸರಕ್ಕಾಗಿ ಅಂಗಡಿಗೆ ಹೋಗುವುದು ಉಳಿತಾಯವಲ್ಲ.

ಪಥ್ಯದ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಕಾರ, ಹುಳಿ, ಕಾಫಿ ಇವು ಎಲ್ಲರಿಗೂ ಆಗದೆಂದು ಹೇಳಲಾಗದು. ತನಗೆ ಯಾವುದು ಆಗದೋ ಅದನ್ನು ತಾನೇ ಕಂಡುಕೊಂಡು ಬಿಡಬೇಕು. ಆದರೆ ಊಟದ ಹೊತ್ತಿನ ಮಾತು ಬೇರೆ. ಪೀಣ್ಯದಿಂದಲೋ ಮೈಸೂರು ರಸ್ತೆಯ ಕಡೆಯಿಂದಲೋ ರಾತ್ರಿ ಒಂಬತ್ತೂವರೆಗೆ ಮನೆ ಸೇರಿ, ಹತ್ತಕ್ಕೆ ಹೊಟ್ಟೆತುಂಬ ಉಂಡು, ಹತ್ತೂವರೆಗೆ ಮಲಗುವವರ ಆಮ್ಲವು ಗಂಟಲಿಗೆ ಏರದೆ ಇನ್ನೇನು ಮಾಡೀತು? ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟವು ಮುಗಿದಿರಬೇಕು. ಅದಾಗದಿದ್ದರೆ ಸಂಜೆ ಕೆಲಸದ ಸ್ಥಳದಲ್ಲಿಯೇ ಗಟ್ಟಿಯಾದುದನ್ನು ತಿಂದು, ಮನೆಗೆ ಬಂದಮೇಲೆ ಮಜ್ಜಿಗೆಯನ್ನದಂಥ ಹಗುರವಾದುದನ್ನು ಸ್ವಲ್ಪ ಉಣ್ಣಬಹುದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯಷ್ಟು ಎತ್ತರಕ್ಕೆ ಮರದ ತುಂಡುಗಳನ್ನು ಇಡುವುದೂ, ಎಡಮಗ್ಗುಲಿಗೆ ಮಲಗುವುದೂ, ಹೊಟ್ಟೆಯ ಬೊಜ್ಜನ್ನು ಇಳಿಸುವುದೂ ರಾತ್ರಿಯ ಎದೆಯುರಿಗೆ ಗುಣವನ್ನು ಕೊಡುವುವು. ಹೊಗೆಸೊಪ್ಪನ್ನು ಬಿಡುವುದಂತೂ ಹೇಳಲೇಬೇಕಾಗಿಲ್ಲ.

ಬಸವೇಶ್ವರನಗರದ ನಮ್ಮ ಹಿರಿಯರು ಬಿ೧೨ ಚುಚ್ಚುಮದ್ದುಗಳನ್ನು ತೆಗೆದುಕೊಂಡು, ಎರಡು ತಿಂಗಳ ಕಾಲ ಮೆಲ್ಲನೆ ಇಳಿಸುತ್ತ ಬಂದು ಆ ಮಾತ್ರೆಯನ್ನು ಬಿಟ್ಟರು. ಮೂರನೆಯ ವಾರದಲ್ಲಿ ಉರಿಯೆದ್ದಾಗ ಮತ್ತೆ ಪೆಟ್ಟಿಗೆಯ ಕಡೆಗೆ ಕೈಚಾಚಿದ್ದರಂತೆ. ಮನೆಯಾಕೆಯು ಬೀಗದ ಕೈಯನ್ನು ಕೊಡಲಿಲ್ಲ. ಪಾದಗಳ ಜುಮುಗುಡುವಿಕೆಯು ಬಹಳಮಟ್ಟಿಗೆ ಇಳಿದಿದೆ, ಪೂರ್ಣವಾಗಿ ಹೋಗಿಲ್ಲ. ಈಚೆಗೆ ಅವರು ಹಲ್ಲು ಕೀಳಿಸಿಕೊಂಡಾಗ ವೈದ್ಯರು ನೋವಿನ ಮಾತ್ರೆಯೊಡನೆ ಐದು ದಿನಕ್ಕೆಂದು ಪುನಃ ಪ್ಯಾಂಟೊಪ್ರಜೋಲನ್ನೇ ಬರೆದುಕೊಟ್ಟರು. ಅಂಗಡಿಯವನು ಹದಿನೈದರ ಪೂರ್ತಿ ಪಟ್ಟಿಯನ್ನು ಮುಂದಿಟ್ಟನು. ಇವರು ಚೀಟಿಯನ್ನು ತೋರಿಸಿ, ಐದನ್ನು ಕತ್ತರಿಸಿ ಕೊಡಿಸಿಕೊಂಡು, ಪ್ರತಿಯೊಂದರ ಬೆನ್ನಿನ ಮೇಲೂ ಕೆಂಪು ಮಸಿಯಿಂದ ತಾರೀಖು ಬರೆದಿಟ್ಟರಂತೆ.